ನಲವತ್ತೊಂದು ಸಾಲಿನ ಮೇಷ್ಟ್ರು

ಲಿಗೋರ್ ತ್ರೆಸ್ಕಾ ಮೇಷ್ಟ್ರ ಕೋಟಿನ ಎದೆಜೇಬು ಬಲಗಡೆಗಿದೆ, ಗುಂಡಿಗಳು ಹೆಂಗಸರ ಕೋಟಿನಂತೆ ಎಡಗಡೆಗಿವೆ ಎಂಬುದು ಕೋರ್ಚಾ ಊರಿಗೆಲ್ಲ ತಿಳಿದ ಸಂಗತಿ, ನನಗೂ ತಿಳಿದಿತ್ತು. ಆದರೂ ಕಳೆದ ಫೆಬ್ರವರಿಯ ಒಂದು ಬೆಳಗ್ಗೆ ಎವ್ತಾಲಿಯ ಕಾಫಿ ಅಂಗಡಿಯ ಗೂಟದಿಂದ ಅದನ್ನೇ ನನ್ನ ಕೋಟೆಂದು ತೆಗೆದು ತೊಟ್ಟುಕೊಂಡು, ಗುಂಡಿ ಸಿಕ್ಕದೆ ಎರಡು ಸಲ ತಡಕಾಡಿ, ದೋಷವನ್ನು ಚಳಿಗೆ ಸೆಟೆದ ನನ್ನ ಬೆರಳುಗಳ ಮೇಲೆ ಹೊರಿಸಿ, ಕೋಟಿನ ಎರಡು ಅಂಚುಗಳನ್ನೂ ಕೈಯಲ್ಲಿ ಅವುಚಿ ಹಿಡಿದು ದೊಡ್ಡಬೀದಿಗಿಳಿದೆ. ಅಂದು ಊರು ನನ್ನನ್ನು ಕಂಡ ರೀತಿಯೇ ಬೇರೆಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ವಾರಪತ್ರಿಕೆಯಲ್ಲಿ ನಗೆಬರಹ ಬರೆಯುತ್ತಿರುವ ನನ್ನನ್ನು ಕಂಡರೆ ಜನ ಸಾಮಾನ್ಯವಾಗಿ ದೂರದಿಂದಲೇ, ಏನೋ ಗಾಚೋ, ಈ ವಾರದ್ದರಲ್ಲಿ ನಗೋದು ಎಲ್ಲಿ ಅಂತ ಗುರುತು ಹಾಕಿ ಕೊಡಬಾರದಿತ್ತೇ, ಎಂದು ವಿಚಾರಿಸಿಕೊಳ್ಳುವುದು ವಾಡಿಕೆ. ಅಂದು ಮಾತ್ರ ಎದುರು ಬಂದವರೆಲ್ಲ ತುಸು ತಲೆಬಾಗಿ, ದನಿ ತಗ್ಗಿಸಿ, ದಾರಿ ಬಿಟ್ಟು ಸರಿದರು. ಕೊನೆಗೂ ನನ್ನ ಗದ್ಯ ಜನರ ಹೃದಯ ತಟ್ಟಿತೆಂದು ಬಗೆದು, ನಾನೂ ಹೆಜ್ಜೆಗೆ ಸ್ವಲ್ಪ ಗಾಂಭೀರ್ಯ ತಂದುಕೊಂಡೆ. ಅವರು ನಮಸ್ಕರಿಸುತ್ತಿದ್ದುದು ಕೋಟಿಗೆ ಎಂಬುದು ತಿಳಿಯಲು ಬಿಸಿ ಬ್ಯುರೆಕ್ ಕಡುಬಿನ ಅಂಗಡಿಯ ಸಾಲು ಮುಟ್ಟಬೇಕಾಯಿತು.

ಸಾಲಿನಲ್ಲಿ ನಿಂತವನಿಗೆ ಭಾರಿ ಸೀನು ಬಂತು. ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿ, ಸಿಕ್ಕಿದ್ದನ್ನು ಎಳೆದು ಮೂಗಿಗೊತ್ತಿ, ಮನಸ್ಸಿಗೆ ತೃಪ್ತಿಯಾಗುವಷ್ಟು ಸೀನಿ ಒರೆಸಿಕೊಂಡೆ. ಕರವಸ್ತ್ರ ಯಾಕೋ ಗರಗರ ಎಂದಿತು. ಬಿಡಿಸಿ ನೋಡಿದರೆ ನಾಲ್ಕು ಮಡಿಕೆಯ ಕಾಗದಗಳು. ಮೇಲೆ ಹಳೆಯ ಗುಪ್ತದಳದ ಕಡತಗಳನ್ನು ಕಾಯುವ ಇಲಾಖೆಯ ದುಂಡು ಮುದ್ರೆ. ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬಳು ಭುಜದ ಮೇಲಿಂದ ಇಣುಕಿ, ಇಡೀ ಸಾಲಿಗೆ ಕೇಳುವಂತೆ ಹೇಳಿದಳು: "ಸರ್ಕಾರಿ ಕಾಗದದಲ್ಲಿ ಮೂಗು ಒರೆಸೋ ಕಾಲ ಬಂತೇನಪ್ಪಾ. ನಮ್ಮ ಕಾಲದಲ್ಲಿ ಇದಕ್ಕೇ ಐದು ವರ್ಷ ಒಳಗೆ ಹಾಕ್ತಿದ್ರು."

ಸಾಲು ನಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಊರನ್ನು ಅಷ್ಟು ನಗಿಸಿದ್ದಿಲ್ಲ. ಬ್ಯುರೆಕ್ ಬಿಟ್ಟು ಪಕ್ಕದ ಗೋಡೆಯ ಮರೆಗೆ ಹೋದೆ, ಓದಬಾರದಿತ್ತು, ಓದಿದೆ. ಮೊದಲ ಹಾಳೆಯ ನೆತ್ತಿಯ ಮೇಲೆ "ಸಾಹಿತ್ಯ ತಜ್ಞರ ವರದಿ" ಎಂದಿತ್ತು. ಅದರ ಕೆಳಗೆ: ಆರೋಪಿ, ಲಿಗೋರ್ ತ್ರೆಸ್ಕಾ, ಶಾಲಾ ಉಪಾಧ್ಯಾಯ. ಕೊನೆಯ ಹಾಳೆಯ ಅಡಿಯಲ್ಲಿ ತಜ್ಞರ ರುಜು: ಥಾನಸ್ ಕೊಲಾನಿ.

ಆ ವಾರ ಕೋರ್ಚಾದಲ್ಲಿ ಈ ನಾಲ್ಕು ಹಾಳೆಗಳ ವಿನಾ ಬೇರೆ ಮಾತೇ ಇರಲಿಲ್ಲ. ಅವನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ. ಕೊಲಾನಿ ನಮ್ಮ ಊರಿನವನು. ಅವನ ಕಾದಂಬರಿಗಳು ಶಾಲೆಯ ಪಾಠದಲ್ಲಿವೆ, ಪರಭಾಷೆಗಳಲ್ಲಿವೆ. ನಮ್ಮ ಕಲ್ಲುಹಾಸಿನ ಬೀದಿಗಳನ್ನು, ಕಲ್ಲಿದ್ದಲ ಹೊಗೆಯ ವಾಸನೆಯ ಸಮೇತ, ಲೋಕಕ್ಕೆ ಒಯ್ದವನು ಅವನೇ. ಆಗಿನ ಕಮ್ಯುನಿಸ್ಟ್ ಆಡಳಿತದ ನಾಯಕನ ಮೇಲೆ ಮೂರು ಸ್ತುತಿಗೀತೆಗಳನ್ನೂ, ಟ್ರ್ಯಾಕ್ಟರಿನ ಮೇಲೊಂದು ಕಾದಂಬರಿಯನ್ನೂ ಬರೆದವನು ಅವನೇ. ಆರು ವರ್ಷದ ಹಿಂದೆ ರಾಜಧಾನಿ ತಿರಾನಾದಲ್ಲಿ ತೀರಿಕೊಂಡ. ಊರಿನ ಗ್ರಂಥಾಲಯಕ್ಕೆ ಅವನ ಹೆಸರಿಡಬೇಕೆಂದು ಏಳು ಜನರ ಸಮಿತಿಯಾಗಿ, ಈಚಿನ ನಿಯಮದಂತೆ ಅವನ ಪೂರ್ವಾಪರ ಕೇಳಿ ಕಡತದ ಇಲಾಖೆಗೆ ಬರೆದಾಗ ಎರಡು ಸಾಲಿನ ಉತ್ತರ ಬಂತು: ಸದರಿ ಲೇಖಕರು ಒಂದು ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಒಬ್ಬ ಉಪಾಧ್ಯಾಯರ ಕವಿತೆಗಳ ಬಗ್ಗೆ ತಜ್ಞ ವರದಿ ಕೊಟ್ಟಿರುತ್ತಾರೆ, ಪ್ರತಿ ಆ ಉಪಾಧ್ಯಾಯರ ಬಳಿ ಇರುತ್ತದೆ.

ಆಗಿನ ಪದ್ಧತಿ ಅದು. ಕವಿತೆ ಬರೆದನೆಂದು ಒಬ್ಬನನ್ನು ಹಿಡಿದು ತಂದಾಗ, ತನಗೆ ಕವಿತೆ ಅರ್ಥವಾಗುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳುವಷ್ಟು ವಿನಯ ನಮ್ಮ ತನಿಖಾಧಿಕಾರಿಗಳಲ್ಲಿತ್ತು. ಆದ್ದರಿಂದ ಹೆಸರಾಂತ ಲೇಖಕನೊಬ್ಬನಿಗೆ ಹಸ್ತಪ್ರತಿ ಕಳಿಸಿ, ಈ ಪದ್ಯ ಎಷ್ಟರ ಮಟ್ಟಿಗೆ ಅಪರಾಧಿ ಎಂದು ಲಿಖಿತ ಅಭಿಪ್ರಾಯ ಪಡೆಯುತ್ತಿದ್ದರು. ಕೊಲಾನಿ ಕೊಟ್ಟ ಅಭಿಪ್ರಾಯಕ್ಕೆ ಮೇಷ್ಟ್ರಿಗೆ ಎಂಟು ವರ್ಷ ತಾಮ್ರದ ಗಣಿಯಾಯಿತು. ಈಗ ಸಮಿತಿಯಲ್ಲಿ ಹೆಸರಿಡಲು ಮೂವರು, ಬೇಡವೆನ್ನಲು ಮೂವರು. ನಡುವೆ ಅಧ್ಯಕ್ಷೆಯಾಗಿ ಗ್ರಂಥಪಾಲಕಿ ಮಿಮೋಜಾ ದೆಮಿ. ಶನಿವಾರದ ಸಭೆಯಲ್ಲಿ ಲಿಗೋರ್ ಮೇಷ್ಟ್ರು ಏನು ಹೇಳುತ್ತಾರೋ ನನ್ನ ಮತ ಆ ಕಡೆಗೆ ಎಂದು ಆಕೆ ಸಾರಿಬಿಟ್ಟಿದ್ದಳು. ಹೀಗೆ ಸತ್ತ ಕಾದಂಬರಿಕಾರನ ಕೀರ್ತಿ, ಗಣಿಯಿಂದ ಬಂದ ಮೇಲೆ ಸೇಬಿನ ಉಗ್ರಾಣದಲ್ಲಿ ದುಡಿದು ನಿವೃತ್ತರಾಗಿ ಇನ್ನೂ ಬದುಕಿದ್ದ ಮೇಷ್ಟ್ರ ನಾಲಿಗೆಯ ಮೇಲೆ ಕೂತಿತ್ತು. ನಾನೋ, ಪತ್ರಿಕಾಧರ್ಮಕ್ಕನುಸಾರವಾಗಿ, ಹೆಸರಿಟ್ಟದ್ದನ್ನು ಕೊಂಡಾಡುವ ಲೇಖನ ಒಂದನ್ನೂ ಇಡದೆ ಹೋದದ್ದನ್ನು ಕೊಂಡಾಡುವ ಲೇಖನ ಇನ್ನೊಂದನ್ನೂ ಆಗಲೇ ಬರೆದಿಟ್ಟಿದ್ದೆ. ಎರಡರಲ್ಲೂ ಮೊದಲ ಪ್ಯಾರಾ ಒಂದೇ.

ಮೇಷ್ಟ್ರು ಎವ್ತಾಲಿಯ ಅಂಗಡಿಯಲ್ಲಿ ಅಂಗಿಯ ಮೇಲೇ ಕೂತು ಎರಡನೆಯ ಕಾಫಿ ಕುಡಿಯುತ್ತಿದ್ದರು. ನನ್ನ ಕೋಟು ಗೂಟದ ಮೇಲೇ ಇತ್ತು. ಚಳಿಯಾದರೂ ಬೇರೆಯವರದೆಂದು ಮುಟ್ಟಿರಲಿಲ್ಲ. ನಾನು ಅವರ ಕೋಟು ಬಿಚ್ಚಿ ಕೊಟ್ಟು, ಕೋಟಿನ ವಿಷಯ ಮೊದಲು, ಸೀನಿನ ವಿಷಯ ಆಮೇಲೆ, ತೊದಲುತ್ತ ಒಪ್ಪಿಸಿದೆ. ಓದಿದ ವಿಷಯವನ್ನು ಮುಂದಿನ ಸಂದರ್ಭಕ್ಕೆ ಉಳಿಸಿಕೊಂಡೆ. ಅವರು ಕಾಫಿಯ ಬಟ್ಟಲು ಕೆಳಗಿಟ್ಟರು.

"ಎಷ್ಟನೇ ಪುಟ?"

"ಮೂರನೇದು, ಮೇಷ್ಟ್ರೇ."

"ಹಾಗಾದ್ರೆ ಪರವಾಗಿಲ್ಲ. ಅದ್ರಲ್ಲಿ ಬರೀ ಪಕ್ಷದ ವಿಚಾರ ಇದೆ."

ಎಂದವರು ಕೋಟು ತೊಟ್ಟು, ಒಂದೂ ತಪ್ಪದಂತೆ ಎಡಗಡೆಯ ಗುಂಡಿಗಳನ್ನು ಹಾಕಿಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ, ಗುರುವಾರ ಮನೆಗೆ ಬಾ, ಓಲಿಂಬಿ ಲಾಕ್ರೋರ್ ಮಾಡ್ತಾಳೆ ಎಂದು ಹೆಂಡತಿಯ ಪರವಾಗಿ ಊಟಕ್ಕೆ ಕರೆದರು. ಆಮೇಲೆ, ನಾಲ್ಕನೇ ಪುಟ ಓದಿದೆಯಾ ಎಂದು ಕೇಳಿದರು. ನಾನು ಎವ್ತಾಲಿಯ ಕಡೆ ನೋಡಿದೆ. ಅವಳು ಬಟ್ಟಲು ಒರೆಸುವುದರಲ್ಲಿ ತಲ್ಲೀನಳಾದಳು.

ಆ ಕೋಟಿಗೊಂದು ಚರಿತ್ರೆಯಿದೆ. ಬಿಡುಗಡೆಯಾಗಿ ಬಂದಾಗ ಮಾವನ ಮನೆಯವರು ಕೊಟ್ಟದ್ದು. ಹತ್ತು ವರ್ಷ ತೊಟ್ಟು ಬಣ್ಣ ಹೋದಾಗ, ಆ ಕಾಲದ ಎಲ್ಲರಂತೆ, ದರ್ಜಿಯ ಬಳಿ ಹೊಲಿಗೆ ಬಿಚ್ಚಿಸಿ, ಮಾಸಿದ ಮುಖ ಒಳಗೂ ಹೊಸ ಮುಖ ಹೊರಗೂ ಬರುವಂತೆ ತಿರುಗಿಸಿ ಹೊಲಿಸಿದರು. ಆಗಲೇ ಜೇಬು ಬಲಕ್ಕೂ ಗುಂಡಿ ಎಡಕ್ಕೂ ವಲಸೆ ಹೋದದ್ದು. ಉಳಿದವರೆಲ್ಲ ಕಾಲ ಬದಲಾದಾಗ ಹೊಸ ಕೋಟು ಕೊಂಡರು. ಇವರು ಮಾತ್ರ, ಒಳಗಿನ ಮುಖ ಇನ್ನೂ ಸವೆದಿಲ್ಲವಲ್ಲ ಎಂದರು. ನಡಿಗೆಯೂ ಹಾಗೆಯೇ ವಿಚಿತ್ರ. ಕೈಗಳನ್ನು ಬೆನ್ನಿಗೆ ಕಟ್ಟಿ ನೇರ ಹದಿನಾಲ್ಕು ಹೆಜ್ಜೆ ಇಡುತ್ತಾರೆ, ಗೋಡೆ ಸಿಕ್ಕವರಂತೆ ಗಕ್ಕನೆ ತಿರುಗುತ್ತಾರೆ. ಸಂಜೆ ದೊಡ್ಡಬೀದಿಯಲ್ಲಿ ಊರಿಗೆ ಊರೇ ಆ ತುದಿಯಿಂದ ಈ ತುದಿಗೆ ಅಡ್ಡಾಡುವಾಗ ಮೇಷ್ಟ್ರು ಗಡಿಯಾರದಂಗಡಿಗೂ ಔಷಧದಂಗಡಿಗೂ ನಡುವೆ ಮಾತ್ರ ಅಡ್ಡಾಡುವುದು. ಜೊತೆಗೆ ನಡೆಯುವವರು ಅಭ್ಯಾಸವಿಲ್ಲದೆ ಹೋದರೆ ಹದಿನೈದನೆಯ ಹೆಜ್ಜೆಯಲ್ಲಿ ಒಂಟಿಯಾಗಿ ಗಾಳಿಯ ಸಂಗಡ ಮಾತಾಡುತ್ತಿರುತ್ತಾರೆ. ನಾನು ಹಾಗೆ ಎಷ್ಟೋ ಒಳ್ಳೆಯ ಮಾತುಗಳನ್ನು ಕಳೆದುಕೊಂಡಿದ್ದೇನೆ.

ಉಪಾಧ್ಯಾಯಗಿರಿ ಅವರು ಮಾಡಿದ್ದು ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ, ಮೂರೇ ವರ್ಷ. ಗಣಿಯಿಂದ ಬಂದವರಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಹಣ್ಣಿನ ಉಗ್ರಾಣದಲ್ಲಿ ಸೇಬು ವಿಂಗಡಿಸುವ ಕೆಲಸ ಸಿಕ್ಕಿ, ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದರು. ಆದರೂ ಊರು ಅವರನ್ನು ಮೇಷ್ಟ್ರೆಂದು ಕರೆಯುವುದನ್ನು ಬಿಡಲಿಲ್ಲ. ಆ ಮೂರು ವರ್ಷದ ಹುಡುಗರು ಯಾರೋ ಮೊದಲು ಹಾಗೆ ಕೂಗಿರಬೇಕು. ಆಮೇಲೆ ಅದು ನಮ್ಮ ಊರಿನ ಮಟ್ಟಿಗೆ ಸಣ್ಣದೊಂದು ಧೈರ್ಯವಾಗಿ ಉಳಿದುಬಂತು.

ಸೇಬಿನಿಂದ ಅವರಿಗೆ ಎರಡು ಚಟಗಳು ಅಂಟಿಕೊಂಡವು. ಯಾವ ವಿಷಯ ಎತ್ತಿದರೂ, ಚುನಾವಣೆಯಾಗಲಿ, ಹೊಸ ಸೊಸೆಯಾಗಲಿ, ನನ್ನ ಲೇಖನವಾಗಲಿ, ಹೆಬ್ಬೆರಳು ತೋರುಬೆರಳುಗಳನ್ನು ಹಣ್ಣು ಹಿಡಿದಂತೆ ಹಿಡಿದು "ತಿರುಗಿಸಿ ನೋಡೋಣ" ಎನ್ನುವುದು ಒಂದು. ಲೋಕದ ಸಮಸ್ತ ವಸ್ತುಗಳಿಗೂ ಮೂರೇ ದರ್ಜೆ ಕಟ್ಟುವುದು ಇನ್ನೊಂದು: ಮೇಜಿಗೆ, ಉಗ್ರಾಣಕ್ಕೆ, ರಾಕಿಗೆ. ಮೇಜಿಗೆ ಬರುವುದು ಕೈಗೆತ್ತಿ ತಿನ್ನುವ ಹಣ್ಣು. ಉಗ್ರಾಣಕ್ಕೆ ಹೋಗುವುದು ಚಳಿಗಾಲಕ್ಕಾದೀತೆಂದು ಒಣಹುಲ್ಲಿನಲ್ಲಿ ಇಡುವ ಹಣ್ಣು. ಉಳಿದದ್ದು ಕೊಳೆಸಿ ಭಟ್ಟಿ ಇಳಿಸಲು. ನನ್ನ ಇಪ್ಪತ್ತೆರಡು ವರ್ಷದ ಬರವಣಿಗೆ ಯಾವ ದರ್ಜೆಯೆಂದು ಒಮ್ಮೆ ಕೇಳಿದ್ದೆ. ರಾಕಿ ಎಷ್ಟು ಜನರಿಗೆ ಸಂತೋಷ ಕೊಡುತ್ತದೆ ಯೋಚನೆ ಮಾಡು ಎಂದರು.

ಗುರುವಾರ ಮಧ್ಯಾಹ್ನ ಹೋದಾಗ ಓಲಿಂಬಿ ಒಲೆಯ ಮುಂದಿದ್ದಳು. ಮೇಷ್ಟ್ರು ಸೆರೆಯಾದಾಗ ಇವರಿಬ್ಬರಿಗೂ ನಿಶ್ಚಿತಾರ್ಥ ಮಾತ್ರ ಆಗಿತ್ತು. ಆಕೆ ಎಂಟು ವರ್ಷ ಕಾದಳು. ಎಂಟು ವರ್ಷ ಇವನು ಹೊರಗೆ ಬರಲಿ ಅಂತ ಕಾದೆ, ಈಗ ಮೂವತ್ತಾರು ವರ್ಷದಿಂದ ಇವನು ಪುಸ್ತಕದಿಂದ ತಲೆ ಎತ್ತಲಿ ಅಂತ ಕಾಯ್ತಿದೀನಿ ಎನ್ನುವುದು ಆಕೆ ಅತಿಥಿಗಳಿಗೆ ಹೇಳುವ ಸ್ವಾಗತವಚನ. ಲೀಕ್ಸ್ ಎಂಬ ಈರುಳ್ಳಿ ಜಾತಿಯ ಸೊಪ್ಪು ತುಂಬಿದ ತೆಳು ಪದರಗಳ ಆ ಲಾಕ್ರೋರನ್ನು ಕೆಂಡ ಹರಡಿದ ಮುಚ್ಚಳದಡಿ ಬೇಯಲಿಟ್ಟು, ಅದು ಆಗುವ ತನಕ ನನ್ನನ್ನು ಗಂಡನ ಕಪಾಟಿನ ಮುಂದೆ ಕೂರಿಸಿದಳು.

ಮೂರು ಹಲಗೆಗಳ ಕಪಾಟು, ಮೂರು ದರ್ಜೆ. ಅರ್ಧಕ್ಕರ್ಧ ಕೊಲಾನಿಯ ಪುಸ್ತಕಗಳೇ. ತನ್ನನ್ನು ಗಣಿಗೆ ಕಳಿಸಿದವನ ಕಾದಂಬರಿಗಳನ್ನು ಮೇಷ್ಟ್ರು ಪ್ರತಿ ಚಳಿಗಾಲ ಮೊದಲಿಂದ ಕೊನೆವರೆಗೆ, ಪೆನ್ಸಿಲು ಹಿಡಿದು, ಜಗಳವಾಡುತ್ತ ಓದುತ್ತಾರೆಂದು ಕೇಳಿದ್ದೆ. ಕೇಳಿರದಿದ್ದದ್ದೆಂದರೆ ಚಾಕುವಿನ ವಿಷಯ. 'ಹಿಮದ ಕೆಳಗಿನ ಬೀದಿ' ಮೇಲಿನ ಹಲಗೆಯಲ್ಲಿತ್ತು, ಆದರೆ ನಡುವೆ ಒಂಬತ್ತು ಹಾಳೆ ಮಾಯ. ಪಕ್ಷದ ಕಾರ್ಯದರ್ಶಿ ಭಾಷಣ ಮಾಡುವ ಆ ಒಂಬತ್ತು ಹಾಳೆಗಳು, ಸೇಬು ಹೆಚ್ಚುವ ಚಾಕುವಿನಿಂದ ನೀಟಾಗಿ ಕೊಯ್ದು ದಾರ ಕಟ್ಟಿದವು, ಕೆಳಗೆ ರಾಕಿಯ ಹಲಗೆಯಲ್ಲಿದ್ದವು. 'ಏಳನೆಯ ಟ್ರ್ಯಾಕ್ಟರ್' ಇಡಿಯಾಗಿ ರಾಕಿಯ ಹಲಗೆಯಲ್ಲಿತ್ತು. ಆದರೆ ಅದರ ಹದಿನೇಳನೆಯ ಅಧ್ಯಾಯ, ಮುದುಕಿಯೊಬ್ಬಳು ಚೀಸಿಗೆ ಉಪ್ಪು ಹಾಕುತ್ತ ಸತ್ತ ಮಗನನ್ನು ಬೈಯುವ ಹನ್ನೊಂದು ಪುಟ, ಏಕಾಂಗಿಯಾಗಿ ಮೇಲಿನ ಹಲಗೆಗೆ ಬಡ್ತಿ ಪಡೆದಿತ್ತು. ಅದನ್ನು ಓದಿದ ದಿನ ಊಟ ಬಿಟ್ಟಿದ್ದ ಎಂದು ಓಲಿಂಬಿ ಒಲೆಯ ಬಳಿಯಿಂದ ಹೇಳಿದಳು. ಪ್ರತಿಯೊಂದು ಪುಸ್ತಕದ ಹಿಂಬದಿಯಲ್ಲೂ ಲೇಖಕನ ಭಾವಚಿತ್ರವಿರಬೇಕಾದ ಕಡೆ ಖಾಲಿ ಹಣ್ಣಿನ ಜಾಡಿಯಿಂದ ಕಿತ್ತ ಹಳೆಯ ಚೀಟಿ ಅಂಟಿತ್ತು, ಆಕೆಯ ದುಂಡು ಅಕ್ಷರದಲ್ಲಿ: ಪ್ಲಮ್, ೨೦೧೧. ಅಂಜೂರ, ೨೦೧೪. ಕ್ವಿನ್ಸ್, ೨೦೧೬.

"ಅವನು ಬರೆದದ್ದು ಚೆನ್ನಾಗಿದ್ರೆ ಚೆನ್ನಾಗಿರ್ಲಿ" ಎಂದಳು ಓಲಿಂಬಿ. "ನನ್ನ ಮನೇಲಿ ಅವನ ಮುಖ ಬೇಡ."

ನನಗೆ ಆ ಕ್ಷಣ ಒಂದು ಲೇಖನ ಹೊಳೆಯಿತು. ಕೊಳೆತ ಭಾಗ ಕೊಯ್ದು ಉಳಿದ ಸೇಬನ್ನು ತಿನ್ನುವಂತೆ, ಲೇಖಕನ ರಾಜಕೀಯವನ್ನು ಕೊಯ್ದು ಕೃತಿಯನ್ನು ಸವಿಯಬೇಕು ಎಂಬ ಉಪಮೆ. ಶನಿವಾರದ ಸಭೆಗೂ ಒಪ್ಪುತ್ತದೆ, ಉಗ್ರಾಣದ ಮೇಷ್ಟ್ರ ಬಾಯಲ್ಲಿ ಇನ್ನೂ ಒಪ್ಪುತ್ತದೆ. ಉತ್ಸಾಹದಿಂದ ಹೇಳಿದೆ. ಮೇಷ್ಟ್ರು ಬೆರಳುಗಳಲ್ಲಿ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಸೇಬಿಗೆ ತಾನು ಕೊಳೀತಿದೀನಿ ಅಂತ ಗೊತ್ತಿರಲ್ಲ ಗಾಚೋ. ಥಾನಸನಿಗೆ ಗೊತ್ತಿತ್ತು."

ಉಪಮೆ ರಾಕಿಯ ಹಲಗೆಗೆ ಹೋಯಿತು. ಆಮೇಲೆ ಅವರು ಜೇಬಿನಿಂದ ಆ ನಾಲ್ಕು ಹಾಳೆಗಳನ್ನು ತೆಗೆದು, ಒಣಗಿ ಗರಿಗರಿಯಾಗಿದ್ದ ಮೂರನೆಯದನ್ನು ಪಕ್ಕಕ್ಕಿಟ್ಟು, ನಾಲ್ಕನೆಯದನ್ನು ನನ್ನ ಮುಂದೆ ಹಾಸಿ, ತಾವೇ ವಿವರಿಸಿದರು. ಅವರದು ನೀಲಿ ರಟ್ಟಿನ ಒಂದು ಪುಸ್ತಕ. ಅದರಲ್ಲಿ ಅರವತ್ತಮೂರು ಕವಿತೆಗಳು. ತೀರ್ಪಿನ ಕೊನೆಯ ವಾಕ್ಯದಂತೆ ಅದನ್ನು ಸುಟ್ಟರು. ಬಾಯಿಪಾಠವಿದ್ದದ್ದು ಗಣಿಯಲ್ಲಿ ಎರಡನೆಯ ವರ್ಷ ಬಂದ ಜ್ವರದಲ್ಲಿ ಹೋಯಿತು. ಎರಡು ವರ್ಷದ ಹಿಂದೆ, ಕಡತಗಳನ್ನು ಕೇಳಿದವರಿಗೆ ಕೊಡುವ ಕಾನೂನಾಗಿ ಈ ಪ್ರತಿ ಅಂಚೆಯಲ್ಲಿ ಬಂದಾಗ, ಮೇಷ್ಟ್ರು ತಮ್ಮ ಕವಿತೆಗಳನ್ನು ನಲವತ್ತೆರಡು ವರ್ಷದ ಮೇಲೆ ಮತ್ತೆ ಕಂಡರು. ಕೊಲಾನಿ ಸಾಕ್ಷ್ಯಕ್ಕೆಂದು ಉದ್ಧರಿಸಿದ್ದ ನಲವತ್ತೊಂದು ಸಾಲುಗಳು. ಲಿಗೋರ್ ತ್ರೆಸ್ಕಾ ಎಂಬ ಕವಿಯದೆಂದು ಭೂಮಿಯ ಮೇಲೆ ಉಳಿದಿರುವುದು ಅಷ್ಟೇ, ಉಳಿದಿರುವುದು ಅಲ್ಲಿ ಮಾತ್ರ. ಒಂದು ಹಾಳೆ ತಪ್ಪಿದ್ದರೆ ನಾನು ನಮ್ಮ ಭಾಷೆಯ ಕಾವ್ಯದಲ್ಲಿ ಮೂಗು ಒರೆಸಿಕೊಂಡಿರುತ್ತಿದ್ದೆ.

ಶಿಕ್ಷೆಗೆ ಎರಡು ಸಾಲು ಸಾಕಿತ್ತು:

ಸಹಕಾರಿ ಸಂಘದ ಮಾಡಿನ ಮೇಲೆ
ಕಾಗೆಯೊಂದು ಹಾಜರಿ ಕೂಗುತ್ತಿದೆ

ಈ ಕಾಗೆ ಪಕ್ಷದ ಸ್ಥಳೀಯ ಕಾರ್ಯದರ್ಶಿಯ ಸಂಕೇತವೆಂಬುದರಲ್ಲಿ ಸಂದೇಹವಿಲ್ಲ ಎಂದು ಕೊಲಾನಿ ಬರೆದಿದ್ದ. ಎಂತಹ ಅನ್ಯಾಯ ಎಂದು ನಾನು ಮರುಗಲು ಹೊರಟೆ. ಮೇಷ್ಟ್ರು ನಾಲಿಗೆ ಲೊಚಗುಟ್ಟಿ ಗದ್ದ ಮೇಲೆತ್ತಿದರು. ನಮ್ಮಲ್ಲಿ ಅದು ಇಲ್ಲವೆಂಬುದಕ್ಕೆ ಸಾಕು. ಅದು ಕಾರ್ಯದರ್ಶಿಯೇ ಎಂದರು. ಆ ಕವಿತೆಯನ್ನು ಹಳ್ಳಿಯಲ್ಲಿ ಹತ್ತು ಜನರಿಗೆ ಓದಿ ಹೇಳಿದ್ದರಂತೆ, ಎಲ್ಲರೂ ಕಾಗೆಯ ಬಣ್ಣನೆ ಚೆನ್ನಾಗಿದೆ ಎಂದಿದ್ದರು. "ಇಡೀ ದೇಶದಲ್ಲಿ ನನ್ನ ಕವಿತೆ ಅರ್ಥ ಆದ ಓದುಗ ಅವನೊಬ್ಬನೇ ಕಣೋ" ಎಂದು ಮೇಷ್ಟ್ರು ಹೇಳಿದಾಗ ಆ ದನಿಯಲ್ಲಿದ್ದದ್ದು ಕಹಿಯೋ ಹೆಮ್ಮೆಯೋ ಎಂದು ನಾನು ಓಲಿಂಬಿಯ ಮುಖ ನೋಡಿದೆ. ಆಕೆಗೂ ಗೊತ್ತಿದ್ದಂತೆ ಕಾಣಲಿಲ್ಲ.

ಅವರ ನಿದ್ದೆ ಕೆಡಿಸಿದ್ದು ಕಾಗೆಯಲ್ಲ, ಅದರ ಮುಂದಿನದು. ಕಾಗೆಯಷ್ಟೇ ಸಾಕಾಗಿದ್ದ ವರದಿಯಲ್ಲಿ ಕೊಲಾನಿ ಇನ್ನೂ ಒಂದು ಪುಟ ಮುಂದುವರಿದು, "ವರ್ಗದೃಷ್ಟಿಯ ಸಂಪೂರ್ಣ ಅಭಾವಕ್ಕೆ ನಿದರ್ಶನವಾಗಿ" ಎಂದು ಪೀಠಿಕೆ ಹಾಕಿ, ಕಾಗೆಯಿಲ್ಲದ, ಕಾರ್ಯದರ್ಶಿಯಿಲ್ಲದ, ಯಾವ ತನಿಖಾಧಿಕಾರಿಗೂ ಉಪಯೋಗವಿಲ್ಲದ ಒಂದು ಕವಿತೆಯನ್ನು ಮೊದಲಿಂದ ಕೊನೆತನಕ, ಒಂದು ಅಲ್ಪವಿರಾಮವನ್ನೂ ಬಿಡದೆ, ಇಳಿಸಿಕೊಂಡಿದ್ದ. ಹಳದಿ ಒಗರು ಕ್ವಿನ್ಸ್ ಹಣ್ಣುಗಳನ್ನು ನಮ್ಮ ಹೆಂಗಸರು ಪರಿಮಳಕ್ಕೆಂದು ಬಟ್ಟೆಪೆಟ್ಟಿಗೆಯಲ್ಲಿಡುತ್ತಾರಲ್ಲ, ಅದರ ಮೇಲಿನ ಕವಿತೆ. ಬೀಳಿಸುವುದಕ್ಕೆ ಇಷ್ಟು ಕಷ್ಟಪಡಬೇಕಾಗಿರಲಿಲ್ಲ. ಉಳಿಸುವುದಕ್ಕಾದರೆ, ಸುಡಲಾಗದ ಸರ್ಕಾರಿ ಕಡತಕ್ಕಿಂತ ಭದ್ರವಾದ ಜಾಗ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಹಾಗೆಂದು ನಾನು ಹೇಳಿದೆ. ಅಥವಾ ಪುಟಕ್ಕಿಷ್ಟೆಂದು ಕೆಲಸ ತೋರಿಸಬೇಕಿತ್ತೇನೋ ಎಂದರು ಮೇಷ್ಟ್ರು.

ಒಮ್ಮೆ ಮಾತ್ರ ಇಬ್ಬರೂ ಮುಖಾಮುಖಿಯಾಗಿದ್ದರಂತೆ. ಆಡಳಿತ ಬಿದ್ದ ಮೂರನೆಯ ವರ್ಷ, ಶರತ್ಕಾಲದಲ್ಲಿ, ಕೊಲಾನಿ ಉಗ್ರಾಣಕ್ಕೆ ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸೇಬಿನ ಪೆಟ್ಟಿಗೆಗಳ ನಡುವೆ ಬಹಳ ಹೊತ್ತು ನಿಂತು, ಕೊನೆಗೆ ಕೇಳಿದ್ದು ಒಂದೇ ಮಾತು, ಕ್ವಿನ್ಸ್ ಇಲ್ಲವೇ ಎಂದು. ಇದು ಸೇಬಿನ ಉಗ್ರಾಣ ಎಂದು ಇವರು ಉತ್ತರಿಸಿದರು. ಕೊಲಾನಿ ಟೋಪಿ ಹಾಕಿಕೊಂಡು ಹೋದ. ಆಗ ಮೇಷ್ಟ್ರಿಗೆ ವರದಿಯ ವಿಷಯವೂ ತಿಳಿಯದು, ಕವಿತೆಯೂ ನೆನಪಿಲ್ಲ; ದೊಡ್ಡ ಲೇಖಕರಿಗೆ ಉಗ್ರಾಣಗಳ ವ್ಯವಸ್ಥೆ ತಿಳಿಯುವುದಿಲ್ಲವೆಂದುಕೊಂಡು ಸುಮ್ಮನಾದರು. ಬೇರೆ ಅರ್ಥವಿರಬಹುದಾದ ಪ್ರಶ್ನೆ ಅದು ಎಂದು ತಿಳಿಯುವ ಹೊತ್ತಿಗೆ ಇಪ್ಪತ್ತನಾಲ್ಕು ವರ್ಷವಾಗಿತ್ತು, ಕೇಳಿದವನು ಸತ್ತು ನಾಲ್ಕು ವರ್ಷವಾಗಿತ್ತು.

ಲಾಕ್ರೋರ್ ಬಂತು. ಶನಿವಾರ ಏನು ಹೇಳುತ್ತೀರಿ ಎಂದು ನಾನು ಕೇಳಲಿಲ್ಲ; ಓಲಿಂಬಿ ಕೇಳಿದಳು. ಅವರು ಬಾಯಿ ತುಂಬ ತುತ್ತಿಟ್ಟುಕೊಂಡಿದ್ದರು.

ಶನಿವಾರ ಹತ್ತು ಗಂಟೆಗೆ ಗ್ರಂಥಾಲಯದ ಓದುವ ಕೋಣೆ ಎಂದೂ ಕಾಣದಷ್ಟು ಜನರಿಂದ ತುಂಬಿತ್ತು. ಪುಸ್ತಕ ಓದಲು ಬಾರದ ಜನ ಪುಸ್ತಕದ ಜಗಳ ನೋಡಲು ಬರುವುದು ಯಾವ ಊರಿಗೂ ಹೊಸತಲ್ಲ. ನಾನೂ ಎರಡು ಲೇಖನಗಳನ್ನು ಎರಡು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ವಿರೋಧದ ಮೂವರ ಮುಂದಾಳು ಕ್ರಿಸ್ತಾಕ್ ಎಂಬ ನಿವೃತ್ತ ಕುಸ್ತಿ ತರಬೇತುದಾರ. ಅವನ ತಂದೆ ಜೈಲಿನಲ್ಲೇ ತೀರಿಕೊಂಡವರು. ಅವನು ಮಾತು ಕಡಿಮೆಯಲ್ಲಿ ಮುಗಿಸಿದ: ಈ ಮನೆಗೆ ಆ ಹೆಸರು ಬಿದ್ದ ದಿನದಿಂದ ನಾನು ಈ ಬೀದಿಯಲ್ಲಿ ನಡೆಯುವುದಿಲ್ಲ. ಹೆಸರಿನ ಪರವಾಗಿದ್ದ ಮೂವರು ಕೊಲಾನಿಯಿಲ್ಲದೆ ನಮ್ಮ ಊರನ್ನು ಲೋಕ ಅರಿಯದು ಎಂದರು. ಎರಡೂ ನಿಜವಾಗಿದ್ದವು, ಅದೇ ತೊಂದರೆ.

ಮೇಷ್ಟ್ರು ಎದ್ದರು. ಕೋಟಿನ ಬಲಜೇಬಿನಿಂದ ಹಾಳೆಗಳನ್ನು ತೆಗೆದು, ಏನೂ ಪೀಠಿಕೆಯಿಲ್ಲದೆ, ವರದಿಯನ್ನು ಮೊದಲ ಅಕ್ಷರದಿಂದ ಓದತೊಡಗಿದರು. ಶಾಲೆಯ ಉಕ್ತಲೇಖನದ ದನಿ, ಏರಿಲ್ಲ, ಇಳಿವಿಲ್ಲ. ಕೋಣೆ ತಣ್ಣಗಾಯಿತು. ಅಲ್ಲಿ ಕೂತ ಎಷ್ಟೋ ಮಂದಿಗೆ ಅಂಥ ವಾಕ್ಯಗಳ ಲಯ ಇನ್ನೂ ಕಿವಿಯಲ್ಲಿತ್ತು. ಎರಡನೆಯ ಪುಟದ ಕಾಗೆಯ ಸಾಲಿಗೆ ಯಾರೋ ಕಿಸಕ್ಕೆಂದರು. ಮೂರನೆಯ ಪುಟ ಬಂದಾಗ, ಕಲೆಯಾಗಿದೆ, ಎರಡು ಸಾಲು ಕಾಣುವುದಿಲ್ಲ, ನಷ್ಟವೇನಿಲ್ಲ ಎಂದು ಸಭೆಗೆ ತಿಳಿಸಿದರು. ಬ್ಯುರೆಕ್ ಅಂಗಡಿಯ ಅಜ್ಜಿ ಮೂರನೆಯ ಸಾಲಿನಿಂದ ನನ್ನ ಕಡೆ ತಿರುಗಿದಳು. ಕಾಗೆಯ ಸಾಲಿಗೆ ಯಾರೋ ಕಿಸಕ್ಕೆಂದರು. ಆಮೇಲೆ ನಾಲ್ಕನೆಯ ಪುಟದಲ್ಲಿ, "ವರ್ಗದೃಷ್ಟಿಯ ಸಂಪೂರ್ಣ ಅಭಾವಕ್ಕೆ ನಿದರ್ಶನವಾಗಿ" ಎಂಬಲ್ಲಿಗೆ ಬಂದು, ಕನ್ನಡಕ ತೆಗೆದು, ಹಾಳೆಯನ್ನು ಮಡಿಸಿ ಹಿಡಿದುಕೊಂಡು, ಕಿಟಕಿಯ ಕಡೆ ನೋಡುತ್ತ ಹೇಳಿದರು:

ಅಮ್ಮ ಪೆಟ್ಟಿಗೆ ತೆರೆದಳೆಂದರೆ
ಮನೆಯೆಲ್ಲ ಹಳದಿ ವಾಸನೆ.
ಮದುವೆಯ ಹಾಸಿನ ಮಡಿಕೆಯೊಳಗೆ
ಯಾರೂ ಕಚ್ಚದ ಹಣ್ಣು
ತನ್ನ ಪಾಡಿಗೆ ತಾನು ಬೆಳಕಾಗುತ್ತಿದೆ.

ಇನ್ನೂ ಏಳು ಸಾಲಿದ್ದವು. ನಾನು ಬರೆದುಕೊಳ್ಳುವುದನ್ನು ಮರೆತೆ. ಎಪ್ಪತ್ತೊಂದು ವರ್ಷದ ಕವಿಯ ಮೊದಲ ಕವಿತಾವಾಚನ ಅದು; ಅದಕ್ಕೆ ಮುನ್ನುಡಿ ಗುಪ್ತದಳದ್ದು. ಮುಗಿದ ಮೇಲೆ ಯಾರಿಗೂ ಚಪ್ಪಾಳೆ ತಟ್ಟಬೇಕೋ ಬಾರದೋ ತಿಳಿಯಲಿಲ್ಲ. ಹಿಂದಿನ ಸಾಲಿನಿಂದ ಓಲಿಂಬಿ, "ಆ ಪೆಟ್ಟಿಗೆ ನನ್ನ ಅಮ್ಮಂದು. ಇವನ ಅಮ್ಮನಿಗೆ ಪೆಟ್ಟಿಗೆಯೇ ಇರ್ಲಿಲ್ಲ" ಎಂದು ಪಕ್ಕದವಳಿಗೆ ಹೇಳಿದ್ದು ಇಡೀ ಕೋಣೆಗೆ ಕೇಳಿ, ಜನ ನಕ್ಕು, ನಗುತ್ತ ಕಣ್ಣೊರೆಸಿಕೊಂಡು, ಅದೇ ಗದ್ದಲದಲ್ಲಿ ಚಪ್ಪಾಳೆಯೂ ಸಂದುಹೋಯಿತು.

ಕ್ರಿಸ್ತಾಕ್ ಎದ್ದುನಿಂತು ಕೇಳಿದ: "ಹಾಗಾದ್ರೆ ಅವನನ್ನ ಕ್ಷಮಿಸಿದ್ರಾ ಮೇಷ್ಟ್ರೇ?"

ನಾಲಿಗೆ ಲೊಚಗುಟ್ಟಿತು, ಗದ್ದ ಮೇಲೇರಿತು. ಕ್ಷಮೆಯಿಲ್ಲ. ಹಾಗಾದರೆ ಹೆಸರು ಬೇಡ ತಾನೇ ಎಂದು ಮಿಮೋಜಾ ಲೇಖನಿ ಎತ್ತಿದಳು.

"ಹೆಸರು ಹಾಕಮ್ಮ. ಆದ್ರೆ ಅವನ ಸಮಗ್ರ ಕೃತಿಗಳನ್ನ ಇಲ್ಲಿ ಇಡ್ತೀರಲ್ಲ, ಅದರ ಜೊತೆ ಇದನ್ನೂ ಇಡು. ಎಲ್ಲರ ಕೈಗೂ ಸಿಗೋ ಹಲಗೆ ಮೇಲೆ. ಬರೆದವನು ಅವನೇ, ಗದ್ಯವೂ ಚೆನ್ನಾಗಿದೆ. ಸಮಗ್ರ ಅಂದ್ರೆ ಸಮಗ್ರ."

ಅದಾದ ಮೇಲೆ ನಡೆದದ್ದನ್ನು ನೋಡಿ ನನ್ನ ಎರಡು ಲೇಖನಗಳೂ ಜೇಬಿನಲ್ಲೇ ಮುದುರಿಕೊಂಡವು. ಪರವಾದ ಮೂವರಿಗೆ ಹೆಸರು ಬೇಕು, ವರದಿ ಬೇಡ. ವಿರೋಧದ ಮೂವರಿಗೆ ವರದಿ ಬೇಕು, ಹೆಸರು ಬೇಡ. ಬೆಳಗಿನಿಂದ ಪರಸ್ಪರ ಮುಖ ನೋಡದವರು ಒಂದೇ ದನಿಯಲ್ಲಿ ಇದು ಸಾಧ್ಯವಿಲ್ಲ ಎಂದರು. ಮೇಷ್ಟ್ರು ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಮಿಮೋಜಾ ಮಾತ್ರ ಏನೋ ಬರೆಯುತ್ತಿದ್ದಳು. ಏನಮ್ಮ ನಿನ್ನ ಮತ ಎಂದು ಕೇಳಿದರೆ, ಇದಕ್ಕೆ ಎರಡು ಸೂಚಿಪತ್ರ ಬೇಕಾಗುತ್ತದೆ ಎಂದಳು. ಗ್ರಂಥಪಾಲಕರ ಜಾತಿಯೇ ಹಾಗೆ. ಲೋಕ ಮುಳುಗುವಾಗಲೂ ಅದನ್ನು ಯಾವ ಅಂಕೆಯಡಿ ಇಡಬೇಕೆಂದು ನೋಡುತ್ತಾರೆ. ಮೇಷ್ಟ್ರ ಮಾತಿಗೇ ತನ್ನ ಮತವೆಂದು ಮೊದಲೇ ಸಾರಿದ್ದಳಲ್ಲ, ಮಾತು ತಪ್ಪಲಿಲ್ಲ. ಪರವಾದ ಮೂವರು ಹೆಸರಿನ ಆಸೆಗೆ ವರದಿಯನ್ನು ನುಂಗಿಕೊಂಡರು. ನಾಲ್ಕಕ್ಕೆ ಮೂರರಲ್ಲಿ ನಿರ್ಣಯವಾಯಿತು. ಕ್ರಿಸ್ತಾಕ್ ಇಂದಿಗೂ ಆ ಬೀದಿಯಲ್ಲಿ ನಡೆಯುವುದಿಲ್ಲ. ಆದರೆ ಹಿಂಬಾಗಿಲಿನ ಓಣಿಯಿಂದ ಬಂದು ಆ ವರದಿಯನ್ನು ಎರಡು ಸಲ ಓದಿ ಹೋಗಿದ್ದಾನೆ, ಅವನ ಮಾತು ಅವನು ಮುರಿದಂತಾಗಲಿಲ್ಲ.

ಏಪ್ರಿಲ್‌ನಲ್ಲಿ ಗ್ರಂಥಾಲಯದ ಬಾಗಿಲ ಮೇಲೆ ಕೊಲಾನಿಯ ಹೆಸರಿನ ಫಲಕ ಏರಿತು. ಒಳಗೆ, 'ಹಿಮದ ಕೆಳಗಿನ ಬೀದಿ'ಗೂ 'ಏಳನೆಯ ಟ್ರ್ಯಾಕ್ಟರ್'ಗೂ ನಡುವೆ, ರಟ್ಟು ಕಟ್ಟಿದ ನಾಲ್ಕು ಹಾಳೆಗಳಿವೆ. ಮೂರನೆಯದರ ಮೇಲೆ ನನ್ನ ಕೊಡುಗೆಯೂ ಇದೆ. ಸೂಚಿಪೆಟ್ಟಿಗೆಯ ಒಂದು ಚೀಟಿಯಲ್ಲಿ "ಕೊಲಾನಿ, ಥಾನಸ್: ತಜ್ಞ ವರದಿ" ಎಂದಿದೆ. ಇನ್ನೊಂದು ಖಾನೆಯ ಚೀಟಿಯಲ್ಲಿ "ತ್ರೆಸ್ಕಾ, ಲಿಗೋರ್: ನಲವತ್ತೊಂದು ಸಾಲು. ನೋಡಿ: ಕೊಲಾನಿ" ಎಂದಿದೆ. ಒಂದೂ ಪುಸ್ತಕ ಅಚ್ಚಾಗದ ಮನುಷ್ಯನಿಗೆ ಸೂಚಿಪೆಟ್ಟಿಗೆಯಲ್ಲಿ ಜಾಗ. ಮೇಷ್ಟ್ರು ಅದನ್ನು ನೋಡಲು ಒಮ್ಮೆ ಹೋಗಿದ್ದರಂತೆ. ಚೀಟಿಯನ್ನು ಎಳೆದು, ಹಿಂದುಮುಂದು ತಿರುಗಿಸಿ ನೋಡಿ, ಅಕ್ಷರಕ್ರಮ ಸರಿಯಿದೆ ಎಂದು ಮಿಮೋಜಾಗೆ ಹೇಳಿ ಬಂದರು.

ನಮ್ಮಂಥವರು ಬರಹಗಾರನನ್ನು ತೂಗುವಾಗ ಒಂದೋ ಕೃತಿಯ ಬೆಳಕಿಗೆ ಕಣ್ಣು ಕೋರೈಸಿ ಮನುಷ್ಯನನ್ನು ಕಾಣೆವು, ಇಲ್ಲವೇ ಮನುಷ್ಯನ ಕೊಳಕಿಗೆ ಮೂಗು ಮುಚ್ಚಿಕೊಂಡು ಕೃತಿಯನ್ನು ಮುಟ್ಟೆವು. ಎರಡರಲ್ಲೂ ನಮಗೊಂದು ಸುಖವಿದೆ, ಮುಂದೆ ಯೋಚಿಸಬೇಕಾಗಿಲ್ಲವೆಂಬ ಸುಖ. ಆದರೆ ಅಪರೂಪಕ್ಕೊಬ್ಬರು ಓದುಗರು ಹುಟ್ಟುತ್ತಾರೆ. ತಮ್ಮ ಮೇಲೆ ಬಿದ್ದ ಪೆಟ್ಟನ್ನೂ ಆ ಪೆಟ್ಟು ಕೊಟ್ಟ ಕೈಯ ಅಕ್ಷರವನ್ನೂ ಒಂದೇ ಕನ್ನಡಕದಲ್ಲಿ ಓದಬಲ್ಲವರು, ಒಂದನ್ನು ಇನ್ನೊಂದರಿಂದ ಒರೆಸದವರು. ಅವರಿಗೆ ಕ್ಷಮೆಯ ಆತುರವೂ ಇಲ್ಲ, ಸೇಡಿನ ಆತುರವೂ ಇಲ್ಲ. ಪುಟ ಬಿಟ್ಟುಹೋಗಬಾರದು ಎಂಬ ಒಂದೇ ಹಟ. ಲೇಖಕರು ಇಂಥವರಿಗಾಗಿ ಬರೆಯುತ್ತೇವೆಂದು ಹೇಳಿಕೊಳ್ಳುತ್ತಾರೆ. ಸಿಕ್ಕಿದರೆ ಹೆದರಿಕೊಳ್ಳುತ್ತಾರೆಂದು ಕಾಣುತ್ತದೆ. ಕೊಲಾನಿ ಟೋಪಿ ಕೈಯಲ್ಲಿ ಹಿಡಿದು ಅಷ್ಟು ಹೊತ್ತು ನಿಂತದ್ದು ಅದಕ್ಕೇ ಇರಬೇಕೆಂದು ನನ್ನ ಊಹೆ. ಊಹೆಯನ್ನು ಖಚಿತ ಮಾಡಿಕೊಳ್ಳೋಣವೆಂದು, ಮೊನ್ನೆ ಸಂಜೆ ಗಡಿಯಾರದಂಗಡಿಗೂ ಔಷಧದಂಗಡಿಗೂ ನಡುವೆ ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು ಕೇಳಿದೆ: ಆ ದಿನ ಉಗ್ರಾಣದಲ್ಲಿ ಕ್ವಿನ್ಸ್ ಕೇಳಿದನಲ್ಲ ಮೇಷ್ಟ್ರೇ, ನಿಮ್ಮ ಕವಿತೆ ನನಗೆ ನೆನಪಿದೆ, ತಪ್ಪಾಯಿತು ಅಂತ ತಾನೇ ಅದರ ಅರ್ಥ?

ಮೇಷ್ಟ್ರು ಹದಿನಾಲ್ಕನೆಯ ಹೆಜ್ಜೆಯಿಟ್ಟು, ಗಕ್ಕನೆ ತಿರುಗಿ, ಬಲಗಡೆಯ ಜೇಬಿನ ಮೇಲೆ ಕೈಯಾಡಿಸಿಕೊಂಡರು.

"ಅಕ್ಟೋಬರ್ ತಿಂಗಳು ಕಣೋ. ಎಲ್ರೂ ಕ್ವಿನ್ಸ್ ಕೇಳ್ತಿದ್ರು."